ತಿರ್ಗು ಜಿವ್‌ನ ಹೆಂಗಸರು ಮಾಡಿಸಿದ ಬೀದಿ

ಭಾನುವಾರ, 26 ಅಕ್ಟೋಬರ್ 2025

ರೊಮೇನಿಯಾದ ತಿರ್ಗು ಜಿವ್ ಊರಿನಲ್ಲಿ, ಬೆಳಿಗ್ಗೆ ಜಿವ್ ನದಿ ದಡದ ಪಾರ್ಕಿನಿಂದ ನಡೆಯಲು ಶುರು ಮಾಡಿದೆ. ಮೊದಲು ಸಿಗುವುದು ‘ಮೌನದ ಮೇಜು’. ಒಂದರ ಮೇಲೊಂದು ಇಟ್ಟ ಎರಡು ದುಂಡು ಕಲ್ಲು, ಸುತ್ತ 12 ಪೀಠ. ಒಂದೊಂದು ಪೀಠವೂ ಬೋರಲು ಹಾಕಿದ ಅರ್ಧ ಚೆಂಡಿನ ಮೇಲೆ ಇನ್ನರ್ಧ ಕೂರಿಸಿದ ಹಾಗೆ. ಅಲ್ಲಿ ಕೂತರೆ ಕೈ ಮೇಜಿಗೆ ಎಟಕುವುದಿಲ್ಲ, ಅಷ್ಟು ದೂರ. ಊಟಕ್ಕೆ ಕರೆದವರು ಬರಲೇ ಇಲ್ಲ ಅನ್ನಿಸಿ, ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ.

ಮೊದಲ ಮಹಾಯುದ್ಧದ ಹೊತ್ತಿಗೆ, 1916ರಲ್ಲಿ, ಜರ್ಮನ್ ಸೈನ್ಯ ಈ ಊರಿನ ಸೇತುವೆ ತನಕ ಬಂದಿತ್ತು. ಅದನ್ನು ತಡೆದವರಲ್ಲಿ ಮುದುಕರು, ಹೆಂಗಸರು, ಮಕ್ಕಳೂ ಇದ್ದರು. ಎಕತೆರಿನಾ ತಿಯೊದೊರೊಯು ಅನ್ನುವ ಹುಡುಗಿಯೂ ಇದ್ದರು. ಆಮೇಲೆ ಸೈನ್ಯಕ್ಕೇ ಸೇರಿ, 1917ರಲ್ಲಿ ಗುಂಡೇಟಿಗೆ ಬಲಿಯಾದರು. ಊರ ನಡುವೆ ಇರುವ ಅವರ ಸಮಾಧಿಯನ್ನು ಕೆತ್ತಿದವರು ಮಿಲಿತ್ಸಾ ಪೆತ್ರಾಶ್ಕು.

ಸತ್ತವರೆಲ್ಲರ ನೆನಪಿಗೆ ಏನಾದರೂ ಮಾಡಬೇಕು ಅಂತ ಹೊರಟದ್ದು ಗೋರ್ಜ್ ಜಿಲ್ಲೆಯ ಮಹಿಳಾ ಸಂಘ. ಅರೆತಿಯಾ ತತರೆಸ್ಕು ಅದರ ಅಧ್ಯಕ್ಷೆ. ಮಿಲಿತ್ಸಾ ಆ ಕೆಲಸಕ್ಕೆ ತಮ್ಮ ಗುರು, ಶಿಲ್ಪಿ ಬ್ರಿಂಕುಶ್ ಹೆಸರು ಹೇಳಿದರು. ಕೈಗೆ ಬಂದ ದೊಡ್ಡ ಕೆಲಸವನ್ನು ಹಾಗೆ ಬಿಟ್ಟುಕೊಡಲು ಎಂಥ ಮನಸ್ಸು ಬೇಕು, ಅಲ್ವಾ? ಬ್ರಿಂಕುಶ್ ಪ್ಯಾರಿಸ್‌ನಲ್ಲಿದ್ದರೂ ಹುಟ್ಟಿದ್ದು ಹತ್ತಿರದ ಹೊಬಿತ್ಸಾ ಹಳ್ಳಿಯಲ್ಲಿ. ಸಂಭಾವನೆಯನ್ನೇ ತೆಗೆದುಕೊಳ್ಳಲಿಲ್ಲ. ಇದರ ನಡುವೆಯೇ ಹೋಳ್ಕರ್ ಮಹಾರಾಜರಿಗೆ ಒಂದು ಮಂದಿರ ಕಟ್ಟಿಕೊಡಲು ಇಂದೋರಿಗೂ ಬಂದು ಹೋಗಿದ್ದರು. ಅದು ಆಗಲೇ ಇಲ್ಲ. ಮೇಜು, ಬಾಗಿಲು, ಕಂಬದ ಈ ಸ್ಮಾರಕ ಆಯಿತು. 1938ರ ಅಕ್ಟೋಬರ್ 27ಕ್ಕೆ ಉದ್ಘಾಟನೆ. ನಾಳೆಗೆ 87 ವರ್ಷ.

ಪಾರ್ಕಿನ ಅಂಚಿನಲ್ಲಿರುವ ‘ಚುಂಬನದ ಬಾಗಿಲು’ ದಾಟಿದರೆ ‘ವೀರರ ಬೀದಿ’. ಈ ಬೀದಿಗೆ ಜಾಗ ಬಿಡಿಸಿಕೊಟ್ಟದ್ದೂ ಅದೇ ಸಂಘ. ಅಂಗಡಿ, ಮನೆ, ಕಾರುಗಳ ನಡುವೆ ಬೀದಿ ನೇರ ಹೋಗುತ್ತದೆ. ನಡು ಬೀದಿಯಲ್ಲೇ ಸಂತ ಪೀಟರ್ ಮತ್ತು ಪಾಲ್ ಚರ್ಚು. ನೋಟಕ್ಕೆ ಅಡ್ಡ ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಸತ್ತವರಿಗೆ ದೀಪ ಹಚ್ಚಿ ಬಂದವರು ಅದೇ ದಾರಿಯಲ್ಲಿ ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಿದ್ದರು.

ಕೊನೆಗೆ ‘ಕೊನೆಯಿಲ್ಲದ ಕಂಬ’. 29 ಮೀಟರಿಗೂ ಜಾಸ್ತಿ ಎತ್ತರ. ಎರಕದ ಕಬ್ಬಿಣದ ತುಂಡುಗಳನ್ನು ಪೆತ್ರೊಶಾನಿಯ ವರ್ಕ್‌ಶಾಪಿನಲ್ಲಿ ಮಾಡಿಸಿ, ಉಕ್ಕಿನ ಕಂಬಕ್ಕೆ ಮಣಿ ಪೋಣಿಸಿದ ಹಾಗೆ ಮೇಲಿಂದ ಇಳಿಸಿದ್ದಾರೆ. ಅದರ ಎಂಜಿನಿಯರ್ ಶ್ತೆಫಾನ್ ಜಾರ್ಜೆಸ್ಕು-ಗೋರ್ಜಾನ್. 1950ರ ದಶಕದಲ್ಲಿ ಇದನ್ನು ಟ್ರ್ಯಾಕ್ಟರ್ ಕಟ್ಟಿ ಎಳೆದು ಕೆಡವಲು ನೋಡಿದ್ದರಂತೆ. ಅಲುಗಾಡಲಿಲ್ಲ. ಹೋದ ವರ್ಷ ಯುನೆಸ್ಕೊ ಪಟ್ಟಿಗೂ ಸೇರಿತು, ಅದೂ ನಮ್ಮ ದೆಹಲಿಯಲ್ಲಿ ನಡೆದ ಸಭೆಯಲ್ಲಿ.

ಬುಡದಲ್ಲಿ ಅರ್ಧ ತುಂಡು, ತುದಿಯಲ್ಲೂ ಅರ್ಧ. ಉಳಿದದ್ದು ಮಣ್ಣೊಳಗೂ ಆಕಾಶದಲ್ಲೂ ಇದೆಯೇನೋ ಅನ್ನಿಸುತ್ತದೆ. ಎಲ್ಲೂ ಒಬ್ಬರ ಹೆಸರೂ ಕೆತ್ತಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ನಿಂತಿದ್ದರು. ಹುಡುಗಿ ಬೆರಳು ತೋರಿಸಿ ಎಣಿಸುತ್ತಿದ್ದಳು: ಉನು, ದೊಯ್, ತ್ರೇಯ್... ಅರ್ಧಕ್ಕೆ ಹೋಗುವಷ್ಟರಲ್ಲಿ ಲೆಕ್ಕ ತಪ್ಪಿತು. ಅಜ್ಜಿ ಅವಳ ಬೆರಳನ್ನು ಹಿಡಿದು ಮತ್ತೆ ಕೆಳಗಿಂದ ಶುರು ಮಾಡಿಸಿದರು.