ಬೀರುವಿನ ಮೀಟರ್ ಕಣಕ್ಕೆ ಬಂದದ್ದು

ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೊಸದಕ್ಕೆ ಹೆದರುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಕಳೆ ಕತ್ತರಿಸುವ ಯಂತ್ರಕ್ಕೆ ಯಾರೂ ಪ್ರಚಾರ ಮಾಡಬೇಕಾಗಲಿಲ್ಲ. ಆಳು ಸಿಗದ ತೋಟಗಳು ಅದನ್ನು ಹುಡುಕಿಕೊಂಡು ಹೋದವು. 2007ರಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಹೊರಬಂದ ಚಂದ್ರಗಿರಿ ತಳಿಯ ಗಿಡಗಳು ಪಕ್ಕದ ತೋಟದಲ್ಲಿ ಕಾಯಿ ಕಚ್ಚಿದ್ದನ್ನು ಕಂಡು ಸಸಿಗೆ ಓಡಾಡಿದವರು ಎಷ್ಟೋ ಮಂದಿ. ಅದೇ ಜನ ಕಾಫಿಯ ತೇವಾಂಶ ಅಳೆಯುವ ಮೀಟರನ್ನು ಕೊಂಡು ಬೀರುವಿನಲ್ಲಿಟ್ಟು ಮರೆಯುತ್ತಾರೆ. ನಾನು ಬೆಳೆಗಾರರ ಉತ್ಪಾದಕ ಕಂಪನಿಯೊಂದರ ಕ್ಷೇತ್ರ ಸಿಬ್ಬಂದಿ. ಆ ಮೀಟರನ್ನು ಹೊರಗೆ ತರಿಸುವುದು ನನ್ನ ಕೆಲಸದ ದೊಡ್ಡ ಪಾಲು.

ಮೀಟರ್ ಇಲ್ಲದೆಯೂ ಇಲ್ಲಿ ಪರೀಕ್ಷೆ ನಡೆದೇ ಇದೆ. ಒಣಗಿದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಇದು ಹುಸಿ ವಿದ್ಯೆಯಲ್ಲ. ಆದರೆ ಕಾಫಿ ಒಣಗಿದೆ ಎಂದು ಕಿವಿ ಹೇಳುತ್ತದೆಯೇ ಹೊರತು, ಸಾಕು ನಿಲ್ಲಿಸು ಎಂದು ಹೇಳುವುದಿಲ್ಲ. ಹಸಿ ಇದೆ ಎಂದು ವ್ಯಾಪಾರಿ ಬೆಲೆ ಇಳಿಸಿದರೆ ನಷ್ಟ ಕಣ್ಣಿಗೆ ರಾಚುತ್ತದೆ. ಅತಿಯಾಗಿ ಒಣಗಿ ಹೋದ ತೂಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೀಗಾಗಿ ಎಲ್ಲರ ಬಾಯಲ್ಲೂ ‘ಇನ್ನೊಂದು ಬಿಸಿಲು ಇರಲಿ’ ಎಂಬುದೇ ಮಾತು.

ಗಳಿಸಿದ್ದರ ಸಂತೋಷಕ್ಕಿಂತ ಅಷ್ಟೇ ಮೊತ್ತ ಕಳೆದುಕೊಂಡ ಸಂಕಟ ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ವಾದಿಸಿದರು. ನಾನು ಮಾಡಿದ್ದಿಷ್ಟೇ: ಕಾಣದ ನಷ್ಟವನ್ನು ಕಾಣುವಂತೆ ಮಾಡಿದೆ. ರೋಬಸ್ಟಾ ಜಾತಿಯ ಕಾಫಿ ಚೆರಿಗೆ ಶೇಕಡಾ 11 ತೇವಾಂಶ ಸಾಕು. ಆ ಹದದಲ್ಲಿ 50 ಕಿಲೋ ತೂಗುವ ಮೂಟೆಯನ್ನು ಶೇಕಡಾ 9ಕ್ಕೆ ಒಣಗಿಸಿದರೆ ಉಳಿಯುವುದು 48.9 ಕಿಲೋ. ನೂರು ಮೂಟೆಗೆ ಎರಡು ಮೂಟೆಗೂ ಹೆಚ್ಚು ಗಾಳಿಗೆ ಹೋಯಿತು. ‘ಗುಣಮಟ್ಟ ಸುಧಾರಿಸುತ್ತದೆ’ ಎಂದಾಗ ಆಕಳಿಸಿದವರು ಈ ಲೆಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

ಲೆಕ್ಕ ಒಪ್ಪಿದರೂ ಯಂತ್ರವನ್ನು ಒಪ್ಪಬೇಕಲ್ಲ. ಅದಕ್ಕೆ ನಾನು ಹಿಡಿದ ದಾರಿ, ಮೊದಲು ಯಜಮಾನರು ಹೇಳಲಿ, ಆಮೇಲೆ ಮೀಟರ್ ಹೇಳಲಿ ಎಂಬುದು. ಆಲ್ದೂರು ಕಡೆಯ ಹಿರಿಯರೊಬ್ಬರು ಚೆರಿ ಬಿಡಿಸಿ ಬೀಜ ಕಚ್ಚಿ, ಉಗಿದು, ‘ಇನ್ನೊಂದು ಬಿಸಿಲು ಬೇಕು’ ಎಂದರು. ಮೀಟರ್ 9.8 ತೋರಿಸಿತು. ಬ್ಯಾಟರಿ ಹೋಗಿದೆ ಎಂದರು. ಅಂಚಿನದು, ನಡುವಿನದು, ರಾಶಿಯ ಅಡಿಯದು ಎಂದು ಬೇರೆ ಬೇರೆ ಹಿಡಿ ತುಂಬಿಸಿ ನೋಡಿದೆವು; ಅಂಕಿ ಅಲ್ಲಲ್ಲೇ ಸುತ್ತಿತು. ‘ಹಾಗಾದರೆ ಆ ಮೂಲೆಯದು ಹೇಳಲಿ, ಅದು ಖಂಡಿತ ಹಸಿ’ ಎಂದು ಸವಾಲು ಹಾಕಿದರು. ಅದು 12.4 ತೋರಿಸಿತು. ‘ನೋಡಿ, ನಾನು ಹೇಳಲಿಲ್ಲವೇ’ ಎಂದು ಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಮ್ಮೆ ತಮ್ಮ ಮಾತಿಗೆ ಸಾಕ್ಷಿ ನುಡಿದ ಮೇಲೆ, ಇನ್ನೊಮ್ಮೆ ತಮ್ಮ ಮಾತಿಗೆ ಎದುರು ನುಡಿದದ್ದನ್ನೂ ಅವರು ಕ್ಷಮಿಸಿದರು.

ಹೊತ್ತಿನ ವಿಚಾರವೂ ಇದೆ. ನಮ್ಮ ಕ್ಷೇತ್ರದಲ್ಲಿ ತರಬೇತಿಗೆ ಮಳೆಗಾಲವೇ ಪ್ರಶಸ್ತ: ಎಲ್ಲರಿಗೂ ಬಿಡುವು, ಊಟವೂ ಬಿಸಿ. ಆದರೆ ರೋಬಸ್ಟಾ ಕಣಕ್ಕೆ ಬರುವುದು ಜನವರಿಯ ನಂತರ. ಪಶ್ಚಿಮ ಕೆನ್ಯಾದ ಮೆಕ್ಕೆಜೋಳದ ರೈತರಿಗೆ ಕೊಯ್ಲು ಮುಗಿದ ಕೂಡಲೇ, ಕೈಯಲ್ಲಿ ಕಾಸಿರುವಾಗ, ಗೊಬ್ಬರವನ್ನು ಮನೆಗೆ ತಲುಪಿಸುವ ಏರ್ಪಾಡು ಮಾಡಿದಾಗ ಬಳಕೆ ಹೆಚ್ಚಿತು ಎಂದು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2011ರಲ್ಲಿ ಬರೆದಿದ್ದಾರೆ. ನಾವೂ ಸಭಾಂಗಣ ಬಿಟ್ಟು ಫಸಲಿನ ಹೊತ್ತಿನಲ್ಲಿ ಕಣಕ್ಕೇ ಹೋಗುತ್ತೇವೆ. ಬ್ಯಾನರ್ ಇಲ್ಲ, ಫೋಟೋ ಇಲ್ಲ. ಮೇಲಿನವರಿಗೆ ವರದಿ ಬರೆಯುವುದು ಮಾತ್ರ ಕಷ್ಟವಾಗಿದೆ.

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ಸಮಾಜಶಾಸ್ತ್ರಜ್ಞರಾದ ರಯಾನ್ ಮತ್ತು ಗ್ರಾಸ್ 1943ರಲ್ಲಿ ದಾಖಲಿಸಿದ್ದರು. ರೈತರಿಗೆ ಸುದ್ದಿ ಮುಟ್ಟಿಸಿದವರು ಹೆಚ್ಚಾಗಿ ಮಾರಾಟಗಾರರು, ಧೈರ್ಯ ಕೊಟ್ಟವರು ನೆರೆಯವರು. ಚಂದ್ರಗಿರಿ ಬೇಲಿಯಾಚೆಯಿಂದ ಕಾಣುತ್ತಿತ್ತು, ಮೀಟರ್ ಕಾಣುವುದಿಲ್ಲ. ಅದಕ್ಕೇ ಗೋದಾಮಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಮತ್ತು ಅಂಕಿ ಬರೆಯುವ ರೂಢಿ ಮಾಡಿಸಿದೆವು. ಮೂಟೆ ಹೊರುವವರು ಓದುತ್ತಾರೆ, ಪಕ್ಕದ ತೋಟದಲ್ಲಿ ಹೇಳುತ್ತಾರೆ. ವ್ಯಾಪಾರಿಯ ಮೀಟರಿನ ಅಂಕಿ ಬೇರೆ ಬಂದರೆ ಜಗಳ ಈಗಲೂ ಆಗುತ್ತದೆ, ಆದರೆ ಎರಡೂ ಕಡೆ ಅಂಕಿ ಹಿಡಿದು ಆಗುತ್ತದೆ.

ಬಗೆಹರಿಯದ ತೊಡಕು ಒಂದಿದೆ. ಮೀಟರ್ ಯಜಮಾನರ ಮನೆಯಲ್ಲಿದೆ. ಕಾಫಿ ಹರಡುವುದು, ತಿರುವುವುದು, ಸಂಜೆ ಒಟ್ಟುಮಾಡಿ ಟಾರ್ಪಾಲು ಹೊದಿಸುವುದು ರೈಟರ್ (ತೋಟದ ಮೇಲ್ವಿಚಾರಕ) ಮತ್ತು ಕಣದ ಹೆಂಗಸರ ಕೆಲಸ. ಯಜಮಾನರು ಪೇಟೆಗೆ ಹೋದ ದಿನ ಮತ್ತೆ ‘ಇನ್ನೊಂದು ಬಿಸಿಲು’. ಈ ಫಸಲಿನಿಂದ ಮೀಟರ್ ಬಳಸುವುದನ್ನು ರೈಟರಿಗೆ, ಕಣದ ಹೆಂಗಸರಿಗೇ ಕಲಿಸಲು ಹೊರಟಿದ್ದೇವೆ. ಕೆಲವು ಯಜಮಾನರಿಗೆ ಇದು ಹಿಡಿಸಿಲ್ಲ. ಬಿದ್ದು ಒಡೆದರೆ ಯಾರು ಹೊಣೆ ಎಂದು ಕೇಳಿದ್ದಾರೆ. ಕಂಪನಿಯೇ ಹೊಣೆ ಎಂದು ಬರೆದು ಕೊಟ್ಟಿದ್ದೇವೆ.