ಎರಡು ಎಕರೆ ಅಗ್ಗದ ಜಮೀನು ಎಲ್ಲಿ ಸಿಗುತ್ತದೆ?

ಬೆಂಗಳೂರಿನ ನೌಕರಿ ಬಿಟ್ಟು ಶಿರಾ ತಾಲ್ಲೂಕಿನಲ್ಲಿ ಎರಡು ಎಕರೆ ಹತ್ತು ಗುಂಟೆ ಖುಷ್ಕಿ ಜಮೀನು ಕೊಂಡು ತೋಟದ ಮನೆ ಕಟ್ಟಿಕೊಂಡ ಮೇಲೆ, ಮದುವೆಮನೆಯಲ್ಲಾಗಲಿ ಫೋನಿನಲ್ಲಾಗಲಿ ಜನ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. ಊರಿನ ಹೆಸರು ಹೇಳುವುದು ಕಷ್ಟವಲ್ಲ. ಶಿರಾ, ಪಾವಗಡ, ಹಿರಿಯೂರು, ಚಳ್ಳಕೆರೆಯಂತಹ ಮಳೆ ಕಡಿಮೆಯಿರುವ ಸೀಮೆಗಳಲ್ಲಿ ಹೆದ್ದಾರಿ ಬಿಟ್ಟು ಹತ್ತು ಹದಿನೈದು ಕಿಲೋಮೀಟರ್ ಒಳಗೆ ಹೋದರೆ ಬೆಲೆ ಇಳಿಯುತ್ತದೆ. ಆದರೆ ಅಕ್ಕಪಕ್ಕದ ಹೊಲಗಳಿಗಿಂತ ಅಗ್ಗವಾಗಿ ಸಿಗುವ ಜಮೀನಿಗೆ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಕಲ್ಲುಮಣ್ಣಿನದಾದರೆ ಹೇಗೋ ಬಾಳಬಹುದು, ಕಾಗದಪತ್ರದ್ದಾದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಕೃಷಿಕರಲ್ಲದವರು ಕೊಳ್ಳಬಹುದೇ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಕೊಳ್ಳಬಹುದು. ಅಂಥವರನ್ನು ತಡೆಯುತ್ತಿದ್ದ, 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ಕೈಬಿಡಲಾಯಿತು. ನನ್ನಂಥವರಿಗೆ ಅನುಕೂಲವಾಯಿತು ನಿಜ, ಸಣ್ಣ ರೈತರಿಗೂ ಆಯಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಈ ಜಮೀನಿಗೆ ಮೊದಲು ಬೇರೊಂದು ಕಡೆ ಐವತ್ತು ಸಾವಿರ ಮುಂಗಡ ಕೊಟ್ಟು ಕೈಸುಟ್ಟುಕೊಂಡಿದ್ದೇನೆ. ಜಮೀನು ಯಾರದು, ಅದರ ಮೇಲೇನಿದೆ ಎಂದು ಹೇಳುವ ಪಹಣಿಯ 9ನೇ ಕಾಲಂನಲ್ಲಿ ಮಾರುವವರದೊಂದೇ ಹೆಸರಿತ್ತು, 11ನೇ ಕಾಲಂನಲ್ಲಿ ಸಾಲದ ಸುಳಿವಿರಲಿಲ್ಲ, ಇಸಿಯೂ (ಋಣಭಾರ ಪತ್ರ) ಸ್ವಚ್ಛವಾಗಿತ್ತು. ಒಂದು ದಿನ ಬದುವಿನ ಮೇಲೆ ನಿಂತು ನೋಡುತ್ತಿದ್ದಾಗ ಪಕ್ಕದ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಅಜ್ಜಿಯೊಬ್ಬರು ಮಣ್ಣು ಕೊಡವುತ್ತಾ, "ದೊಡ್ಡ ಮಗಳ ಸೈನು ಹಾಕುಸ್ಕಂಡ್ರಾ ಸ್ವಾಮಿ?" ಎಂದರು. ಬಳ್ಳಾರಿ ಕಡೆಗೆ ಮದುವೆಯಾಗಿ ಹೋದ ಅಕ್ಕನೊಬ್ಬಳಿದ್ದಾಳೆಂಬ ಮಾತನ್ನು ಆವರೆಗೂ ಯಾರೂ ಎತ್ತಿರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲಿ ಬಿಡಲಿ, ಹಕ್ಕು ಹಕ್ಕೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಹಣಿ ನೋಡಿದರೆ ಸಾಲದು, ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ರುಜು ಹಾಕುವಂತೆ ನೋಡಿಕೊಳ್ಳಬೇಕು. ನನ್ನ ಮುಂಗಡದಲ್ಲಿ ಅರ್ಧ ವಾಪಸು ಬರಲು ಹದಿನಾಲ್ಕು ತಿಂಗಳಾಯಿತು.

ಇದಕ್ಕಿಂತ ದೊಡ್ಡ ಅಪಾಯ ಮಂಜೂರಾದ ಜಮೀನಿನದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, ಇಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯವೇ ಅಸಿಂಧು. 2023ರ ತಿದ್ದುಪಡಿಯ ನಂತರ ಮೂಲ ಮಂಜೂರಾತಿದಾರರ ಕುಟುಂಬದವರು ಜಮೀನು ವಾಪಸು ಕೇಳಿ ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ, ಮತ್ತು ಅದು ನ್ಯಾಯವಾದುದೇ. ಆದ್ದರಿಂದ ಇಂದಿನ ಪಹಣಿಯಿಂದ ಹಿಂದಕ್ಕೆ ಮ್ಯುಟೇಶನ್ (ಹಕ್ಕು ಬದಲಾವಣೆ) ದಾಖಲೆಗಳ ಜಾಡು ಹಿಡಿದು, ಜಮೀನು ಮೊದಲು ಯಾರ ಕೈಗೆ ಹೇಗೆ ಬಂತೆಂಬುದು ತಿಳಿಯುವವರೆಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಬಂದು ಗಡಿ ಅಳೆದು ಗುರುತು ಹಾಕಿಕೊಡುವುದಕ್ಕೆ, ಅರ್ಜಿ ಹಾಕಿಸಿ. ಬಿ ಖರಾಬು ಎಂದು ಬರೆದಿರುವ ಗುಂಟೆಗಳಿಗೆ ದುಡ್ಡು ಕೊಡಬೇಡಿ. ಹಳ್ಳಕ್ಕೋ ದಾರಿಗೋ ಬಿಟ್ಟ ಆ ಜಾಗ ಸರ್ಕಾರದ್ದು. ದಾರಿಯ ವಿಷಯವಂತೂ ಬಾಯಿಮಾತಿನಲ್ಲಿ ಮುಗಿಯುವುದೇ ಇಲ್ಲ: ಪಕ್ಕದವರ ಬದುವಿನ ಮೇಲೆ ಮೂವತ್ತು ವರ್ಷ ಗಾಡಿ ಹೊಡೆದ ರೈತನಿಗೆ ಸಿಕ್ಕ ಸಲುಗೆ ಹೊರಗಿನಿಂದ ಬಂದ ನಮಗೆ ಸಿಗುವುದಿಲ್ಲವಾದ್ದರಿಂದ, ಗ್ರಾಮನಕ್ಷೆಯಲ್ಲಿ ದಾರಿ ಇದೆಯೇ ಎಂದು ನೋಡಲೇಬೇಕು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ತೋರುತ್ತದೆ, ಮೊದಲ ನೋಟಕ್ಕೆ ಅಷ್ಟು ಸಾಕು.

ನೀರನ್ನು ಮೇ ತಿಂಗಳಿನಲ್ಲಿ ನೋಡಿ. ಅಕ್ಕಪಕ್ಕದವರ ಬೋರು ಎಷ್ಟು ಅಡಿ ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ. ಎಷ್ಟು ಬೋರು ಫೇಲಾದವು ಎಂದು ಕೇಳಬೇಕು. ನನ್ನದರಲ್ಲಿ ಮೊದಲನೆಯದು ಆರುನೂರು ಅಡಿಯವರೆಗೂ ಬರೀ ಧೂಳೆಬ್ಬಿಸಿತು, ಎರಡನೆಯದರಲ್ಲಿ ಒಂದೂವರೆ ಇಂಚು ನೀರು ಬಂತು. ಆ ಎರಡರ ಖರ್ಚನ್ನೂ ಎಕರೆಯ ದರಕ್ಕೆ ಸೇರಿಸಿ ಲೆಕ್ಕ ಹಾಕಿದರೆ ನನ್ನ ಜಮೀನು ಅಷ್ಟೇನೂ ಅಗ್ಗವಲ್ಲ.

ನನಗೆ ಇದು ಸಿಕ್ಕಿದ್ದು ದಲ್ಲಾಳಿಯಿಂದಲ್ಲ. ಹೋಬಳಿ ಕೇಂದ್ರದಲ್ಲಿ ಆರು ತಿಂಗಳು ಬಾಡಿಗೆ ಮನೆ ಹಿಡಿದಿದ್ದೆ, ಸಂಜೆ ಹೊತ್ತು ಗೊಬ್ಬರದಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದೆ. ಅಂಗಡಿಯವರೇ ಒಂದು ದಿನ, ಐದು ಜನ ವಾರಸುದಾರರೂ ಒಟ್ಟಿಗೆ ಬಂದು ರುಜು ಹಾಕಲು ಸಿದ್ಧರಿರುವ ಜಮೀನೊಂದಿದೆ, ಆದರೆ ನಡುವೆ ಎಂಟು ಗುಂಟೆಯಷ್ಟು ಬಂಡೆ ಇರುವುದರಿಂದ ಯಾರೂ ಕೇಳುತ್ತಿಲ್ಲ ಎಂದರು. ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಮಾಡಿಸದೆ ಹಿಡುವಳಿಯ ಶೇ. 10ರೊಳಗೆ ಸ್ವಂತ ವಾಸಕ್ಕೆ ತೋಟದ ಮನೆ ಕಟ್ಟಿಕೊಳ್ಳಬಹುದು, ಬಾಡಿಗೆಗೆ ಕೊಡುವಂತಿಲ್ಲ. ನನ್ನ ತೊಂಬತ್ತು ಗುಂಟೆಗೆ ಅದು ಒಂಬತ್ತು ಗುಂಟೆಯಾಗುತ್ತದೆ. ಮನೆ ಈಗ ಆ ಬಂಡೆಯ ಮೇಲೆಯೇ ನಿಂತಿದೆ, ಪಾಯ ತೋಡುವ ಕೂಲಿ ಉಳಿಯಿತು.