ಬರೋಕೆ ಎರಡು ಗಂಟೆ, ಹೋಗೋಕೆ ಎಂಟು ನಿಮಿಷ

ಅರೀನಾದಲ್ಲಿ ಗೇಟ್ ಸೂಪರ್‌ವೈಸರ್ ಆಗಿ ಸೇರಿದ ಹೊಸತರಲ್ಲಿ ನನ್ನ ತಲೆಬಿಸಿಯೆಲ್ಲ ಜನ ಒಳಗೆ ಬರುವ ಹೊತ್ತಿನದೇ. ಟಿಕೆಟ್ ಸ್ಕ್ಯಾನ್, ಬ್ಯಾಗ್ ತಪಾಸಣೆ, ಕ್ಯೂನಲ್ಲಿ ಜಗಳ. ಕಾರ್ಯಕ್ರಮ ಶುರುವಾದರೆ ಕಾಲು ಚಾಚಿ ಕೂರುತ್ತಿದ್ದೆ. ಹೋಗುವವರು ಅವರ ಪಾಡಿಗೆ ಹೋಗ್ತಾರೆ, ಅಲ್ವಾ?

ಒಂದು ರಾತ್ರಿ ಸಂಗೀತ ಕಾರ್ಯಕ್ರಮ ಇಪ್ಪತ್ತು ನಿಮಿಷ ಮೊದಲೇ ಮುಗಿಯಿತು. ಕ್ಯೂ ಹಾವಿನ ಹಾಗೆ ಸುತ್ತಿ ಬರಲಿ ಅಂತ ಹಾಕಿದ್ದ ಬ್ಯಾರಿಕೇಡ್‌ಗಳನ್ನು ನಾನು ಇನ್ನೂ ತೆಗೆಸಿರಲಿಲ್ಲ. ಗೇಟ್ ಆರು ಮೀಟರ್ ಅಗಲ. ಅದರಾಚೆ ಜನರಿಗೆ ಸಿಕ್ಕಿದ್ದು ಒಂದೂವರೆ ಮೀಟರ್ ದಾರಿ.

ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿ ‘ಗ್ರೀನ್ ಗೈಡ್’ ಪ್ರಕಾರ, ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಹುದು. ಮೆಟ್ಟಿಲಾದರೆ 66. ಜನ ಹೊರಬೀಳೋಕೆ ಎಂಟು ನಿಮಿಷ ಮೀರಬಾರದು. ನನ್ನ ಗೇಟಿಗೆ ಮೂರು ಸಾವಿರ ಜನ. ಆರು ಮೀಟರ್‌ನಲ್ಲಿ ಆರು ನಿಮಿಷ ಸಾಕು. ಒಂದೂವರೆ ಮೀಟರ್‌ನಲ್ಲಿ ಇಪ್ಪತ್ನಾಲ್ಕು! ಈ ಲೆಕ್ಕ ಹಾಕಿದ್ದು ಮಾರನೆಯ ದಿನ ಬಿಡಿ.

ಆ ರಾತ್ರಿ ಕಂಡಿದ್ದೇ ಬೇರೆ. ಮುಂದಿದ್ದ ಒಬ್ಬರು ಮಗುವನ್ನು ಹೆಗಲಿಗೆ ಎತ್ತಿಕೊಂಡರು. ಬ್ಯಾರಿಕೇಡಿನ ಕಾಲು ನೆಲಕ್ಕೆ ಕೆರೆಯುವ ಸದ್ದು. ಹಿಂದಿನವರು ಇನ್ನೂ ಹಾಡುತ್ತಿದ್ದರು. ಪೇಪರಿನವರು ಇದಕ್ಕೆ ನೂಕುನುಗ್ಗಲು ಅಂತಾರೆ. ಆದರೆ ಅಲ್ಲಿ ಯಾರೂ ಬೇಕಂತ ನೂಕಲಿಲ್ಲ. ಮುಂದೆ ದಾರಿ ನಿಂತಿದೆ ಅಂತ ಹಿಂದಿನವರಿಗೆ ಗೊತ್ತಿರಲಿಲ್ಲ, ಅಷ್ಟೇ. 1964ರಲ್ಲಿ ಪೆರು ದೇಶದ ರಾಜಧಾನಿ ಲಿಮಾದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಅಶ್ರುವಾಯುವಿಗೆ ಹೆದರಿ ಮೆಟ್ಟಿಲಿಳಿದು ಓಡಿದವರಿಗೆ ಕೆಳಗೆ ಎದುರಾಗಿದ್ದು ಮುಚ್ಚಿದ ಗೇಟು. ಸತ್ತವರು 300ಕ್ಕೂ ಹೆಚ್ಚು.

ನಾನು ಓಡಿ ಹೋಗಿ ಜನರ ಹತ್ತಿರದ ಬ್ಯಾರಿಕೇಡನ್ನೇ ಎತ್ತಲು ನೋಡಿದೆ. ಅಲುಗಲಿಲ್ಲ. ಒಂದಕ್ಕೊಂದು ಕೊಕ್ಕೆಯಲ್ಲಿ ಸಿಕ್ಕಿಸಿರುತ್ತಾರೆ, ಜನರ ಭಾರ ಬಿದ್ದರೆ ಕೊಕ್ಕೆ ಬಿಗಿಯುತ್ತದೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ‘ಅದನ್ನ ಬಿಡೋ, ಆ ಕಡೆಯಿಂದ ಬಿಚ್ಚು’ ಅಂತ ಕೂಗಿದರು. ಹೊರತುದಿಯಿಂದ ಒಂದೊಂದೇ ಬಿಚ್ಚಿಕೊಂಡು ಬಂದೆವು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ.

ಈಗ ಗಡಿಯಾರ ನಂಬುವುದಿಲ್ಲ. ಸೌಂಡ್‌ನವರ ಹತ್ತಿರ ಹಾಡಿನ ಪಟ್ಟಿ ಇಸ್ಕೊಳ್ಳುತ್ತೇನೆ. ಇನ್ನು ಐದು ಹಾಡು ಅನ್ನುವಾಗ ಬ್ಯಾರಿಕೇಡ್‌ಗಳು ಗೋಡೆಗೆ ಒರಗಿರಬೇಕು. ಸೆಕ್ಯೂರಿಟಿಯವರು ಗೊಣಗುತ್ತಾರೆ, ಗೊಣಗಲಿ. ಮೊನ್ನೆ ತುಂಬಾ ತಡವಾಗಿ ಬಂದವರೊಬ್ಬರು ಗೇಟಿನ ಮುಂದೆ ನಿಂತು ‘ಕ್ಯೂ ಎಲ್ಲಿಂದ?’ ಅಂತ ಹುಡುಕುತ್ತಿದ್ದರು. ‘ನೇರ ಬನ್ನಿ ಸಾರ್’ ಅಂದೆ.